ಏಳನೆಯ ಗುಂಡಿ

ಜನವರಿ 9

ಮಾನ್ಯ ಸಂಪಾದಕರೆ,

ನನ್ನ ತಂದೆ ಬರೆದು ಮುಗಿಸದೆ ಹೋದ ಲೇಖನವೊಂದನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಹೋದ ವರ್ಷ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಇಪ್ಪತ್ತೊಂಬತ್ತು ವರ್ಷದ ಹಿಂದೆ ನದಿಯಾಚೆಯ ದಿಬ್ಬದಲ್ಲಿ ಅವರು ನಡೆಸಿದ ಅಗೆತ ನಿಮಗೆ ಗೊತ್ತೇ ಇರುತ್ತದೆ. ಹದಿನಾಲ್ಕು ಮಕ್ಕಳ ಸಮಾಧಿಗಳು ಸಿಕ್ಕವು. ಹದಿಮೂರು ಎಳೆಗೂಸುಗಳು, ಮಡಕೆಯಲ್ಲಿಟ್ಟು ಹೂತವು. ಏಳನೆಯ ಗುಂಡಿಯಲ್ಲಿ ಮಾತ್ರ ಮಡಕೆ ಇರಲಿಲ್ಲ. ಏಳು ವರ್ಷದ ಆಸುಪಾಸಿನ ಮಗುವೊಂದು ಬರಿ ಮಣ್ಣಿನಲ್ಲಿ ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿತ್ತು. ಅಪ್ಪ ಆಗ ನಿಮ್ಮ ಪತ್ರಿಕೆಯಲ್ಲೇ ಎರಡು ಪುಟದ ಟಿಪ್ಪಣಿ ಬರೆದರು. ‘ಮಡಕೆಯಿಲ್ಲದ ಮಗು’ ಎಂದು ಅದು ಊರೆಲ್ಲ ಹೆಸರಾಯಿತು. ಪೂರ್ತಿ ವರದಿ ಮಾತ್ರ ಬರಲೇ ಇಲ್ಲ.

ಆ ಮಗು ಈಗ ನಾನು ಕೆಲಸ ಮಾಡುವ ವಸ್ತುಸಂಗ್ರಹಾಲಯದ ಮೊದಲ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿದೆ. ನಾನು ನೆಲಮಾಳಿಗೆಯಲ್ಲಿ ಒಡೆದ ಮಡಕೆಗಳನ್ನು ಜೋಡಿಸುವವಳು. ಮೂಳೆ ನನ್ನ ವಿದ್ಯೆಯಲ್ಲ. ಅಪ್ಪನ ಬರಹಕ್ಕೆ ನಾನು ಸೇರಿಸಿದ್ದು ಮಡಕೆಗಳ ಭಾಗ ಮಾತ್ರ. ಅವರ ಹೆಸರು ಮೊದಲು ಬರಲಿ, ನನ್ನದು ಆಮೇಲೆ. ಅವರ ವರ್ಷಾಂತಿಕದೊಳಗೆ ಅಚ್ಚಾದರೆ ಒಂದು ಭಾರ ಇಳಿದಂತಾಗುತ್ತದೆ.

ವಂದನೆಗಳೊಂದಿಗೆ,
ಅಗೆತದ ಮೇಲ್ವಿಚಾರಕರ ಮಗಳು


ಜನವರಿ 27

ಪ್ರಿಯ ಸಹೋದ್ಯೋಗಿ,

ಲಕೋಟೆ ಒಡೆದೊಡನೆ ನಿಮ್ಮ ತಂದೆಯವರ ಕೈಬರಹ ಗುರುತಾಯಿತು. ನಾನು ಪರೀಕ್ಷೆ ಪಾಸಾದದ್ದೇ ‘ಮಡಕೆಯಿಲ್ಲದ ಮಗು’ವಿನ ಮೇಲೆ ಬರೆದು.

ಆದರೂ ನಿಯಮ ನಿಯಮವೇ. ಲೇಖನ ಎಂಟು ಸಾವಿರ ಪದ ಮೀರಬಾರದು. ನಿಮ್ಮದು ಹನ್ನೊಂದು ಸಾವಿರ ದಾಟಿದೆ. ಸಾರಾಂಶ ಇಲ್ಲ. ಅಡಿಟಿಪ್ಪಣಿಗಳನ್ನು ಕೊನೆಗೆ ಒಯ್ಯಬೇಕು. ಪ್ರತಿ ಚಿತ್ರಕ್ಕೂ ಅಳತೆಪಟ್ಟಿ ಮತ್ತು ಉತ್ತರ ದಿಕ್ಕಿನ ಬಾಣ ಕಡ್ಡಾಯ. ಅಳತೆಪಟ್ಟಿ ಇಲ್ಲದಿದ್ದರೆ ನಿಮ್ಮ ಮೂರನೆಯ ಮಡಕೆ ಉಪ್ಪಿನ ಬಟ್ಟಲೂ ಆಗಬಹುದು, ನೀರಿನ ಹಂಡೆಯೂ ಆಗಬಹುದು, ಓದುವವನ ಪುಣ್ಯ.

ಇನ್ನೊಂದು ಮಾತು. ಬರಹದಲ್ಲಿ ಆರು ಕಡೆ ‘ಚಿತ್ರ 4 ನೋಡಿ’ ಎಂದಿದೆ. ನೋಡೋಣವೆಂದರೆ ಚಿತ್ರ 4 ಇಲ್ಲ. ಅದು ಏಳನೆಯ ಗುಂಡಿಯ ಚಿತ್ರವೆಂದು ಊಹಿಸುತ್ತೇನೆ. ಚಿತ್ರ ಬರೆದವರು ಬದುಕಿದ್ದರೆ ಅವರಿಂದ ಸಹಿ ಮಾಡಿದ ಒಪ್ಪಿಗೆಪತ್ರವೂ ಬೇಕಾಗುತ್ತದೆ.

ವಿಶ್ವಾಸದಿಂದ,
ಸಂಪಾದಕ


ಫೆಬ್ರವರಿ 3

ಪ್ರೀತಿಯ ಗೆರೆ ಮಾಮ,

ಫೋನು ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಕಾಗದ. ನನ್ನ ನೆನಪಿದೆಯೆ? ನೀವು ಅಗೆತದಲ್ಲಿ ಕವುಚಿ ಹಾಕಿದ ಬುಟ್ಟಿಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದಾಗ ಪಕ್ಕದಲ್ಲಿ ನಿಂತು ‘ಇದೇನು, ಅದೇನು’ ಎಂದು ತಲೆ ತಿನ್ನುತ್ತಿದ್ದ ಹುಡುಗಿ ನಾನು. ಅಪ್ಪ ಫೋಟೋ ತೆಗೆಯುವಾಗಲೆಲ್ಲ ಎತ್ತರ ತಿಳಿಯಲೆಂದು ನನ್ನನ್ನು ನಿಲ್ಲಿಸುತ್ತಿದ್ದರು. ಅದಕ್ಕೇ ನೀವು ನನಗೆ ಅಳತೆಕೋಲು ಎಂದು ಹೆಸರಿಟ್ಟಿರಿ.

ಅಪ್ಪ ಹೋದ ಸುದ್ದಿ ನಿಮಗೆ ಮುಟ್ಟಿತೋ ಇಲ್ಲವೋ. ಮಣ್ಣಿಗೆ ನೀವು ಬರಬಹುದೆಂದು ಬಾಗಿಲು ನೋಡುತ್ತಿದ್ದೆ. ಒಡಹುಟ್ಟದಿದ್ದರೂ ಅಪ್ಪನನ್ನು ಅಣ್ಣ ಎನ್ನುತ್ತಿದ್ದವರು ನೀವು; ನೀವಿಬ್ಬರೂ ಯಾಕೆ ಮಾತು ಬಿಟ್ಟಿರಿ ಎಂದು ಕೇಳುವುದಿಲ್ಲ. ಅಮ್ಮ ಇರುವ ತನಕ ಕೇಳಿದಳು. ಅಪ್ಪ ಊಟದ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರು.

ನನಗೆ ಬೇಕಾದದ್ದು ಇಷ್ಟೇ. ಏಳನೆಯ ಗುಂಡಿಯ ಮೂಲಚಿತ್ರ ನಿಮ್ಮಲ್ಲಿದ್ದರೆ ಕಳಿಸಿ. ನಿಮ್ಮ ಚಿತ್ರಗಳನ್ನು ಅಚ್ಚು ಹಾಕಲು ಒಪ್ಪಿಗೆಯೆಂದು ಎರಡು ಸಾಲು ಬರೆದು ಸಹಿ ಮಾಡಿ. ನಿಮ್ಮ ಹೆಸರನ್ನೂ ಹಾಕುತ್ತೇವೆ.

ನಿಮ್ಮ ಅಳತೆಕೋಲು


ಮಾರ್ಚ್ 12

ಗೆರೆ ಮಾಮ,

ಐದು ವಾರವಾಯಿತು. ನಿಮ್ಮಿಂದ ಹಾಂ ಇಲ್ಲ, ಹೂಂ ಇಲ್ಲ.

ಈ ನಡುವೆ ಅಪ್ಪನ ಮೇಜಿನ ಕೆಳಖಾನೆ ತೆಗೆದೆ. ಬೀಗ ತುಕ್ಕು ಹಿಡಿದಿತ್ತು. ಒಳಗೆ ಇದೇ ಲೇಖನದ ಎಂಟು ಶುದ್ಧಪ್ರತಿಗಳಿವೆ ಮಾಮ. ಎಂಟು! ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಬರೆದಿದ್ದಾರೆ. ಸಾರಾಂಶ, ಗ್ರಂಥಸೂಚಿ, ಸಂಪಾದಕರಿಗೆ ಕೋರಿಕೆಪತ್ರ ಎಲ್ಲ ಉಂಟು. ಒಂದಕ್ಕಂತೂ ಲಕೋಟೆಯ ಮೇಲೆ ವಿಳಾಸ ಬರೆದು ಅಂಚೆಚೀಟಿಯನ್ನೂ ಅಂಟಿಸಿದ್ದಾರೆ. ಎಂಟರಲ್ಲೂ ಚಿತ್ರ 3 ಆದಮೇಲೆ ಒಂದು ಬಿಳಿ ಹಾಳೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ‘4’ ಎಂದಷ್ಟೇ ಇದೆ. ನಾನು ಇಷ್ಟು ದಿನ ಅಪ್ಪನಿಗೆ ಯಾವುದೂ ಸರಿಬರದ ಸ್ವಭಾವ, ಅದಕ್ಕೇ ಮುಗಿಸಲಿಲ್ಲ ಎಂದುಕೊಂಡಿದ್ದೆ.

ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಕೊನೆಯ ಮೂರು ತಿಂಗಳು ಅಪ್ಪನಿಗೆ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಒಳಗಿಂದ ಕೇಳುತ್ತಿದ್ದರು: “ಪೆಟ್ಟಿಗೆ ದೀಪ ಆರಿಸಿದ್ಯಾ?” ಆರಿಸಿದೆ ಅಪ್ಪ ಎಂದರೆ, “ಸರಿ. ಕಣ್ಣಿಗೆ ಚುಚ್ಚತ್ತೆ ಅದಕ್ಕೆ” ಎನ್ನುತ್ತಿದ್ದರು. ವಯಸ್ಸಿನ ಅರಳುಮರಳು ಎಂದು ನಗುತ್ತಿದ್ದೆ. ಈಗ ದಿನಾ ಸಾಯಂಕಾಲ ನಾನೇ ಮಹಡಿ ಹತ್ತಿ ಆ ದೀಪ ಆರಿಸಿ ಬರುತ್ತೇನೆ. ಅದು ನನ್ನ ಕೆಲಸವಲ್ಲ, ಕಾವಲುಗಾರನದು. ಆರಿಸದೆ ಮನೆಗೆ ಬಂದ ದಿನ ಹಿಂದೆ ಯಾರೋ ಉಳಿದಂತಾಗುತ್ತದೆ.

ಅಳತೆಕೋಲು


ಮಾರ್ಚ್ 25

ಮಗೂ,

ಎರಡೂ ಕಾಗದ ಬಂದವು. ನಿಮ್ಮಪ್ಪ ಹೋದದ್ದು ಗೊತ್ತಾಗಿತ್ತು. ಬಸ್‌ಸ್ಟ್ಯಾಂಡಿನ ತನಕ ಬಂದು ವಾಪಸ್ಸು ಹೋದೆ.

ಮಡಕೆಗಳ ಹದಿಮೂರು ಚಿತ್ರಗಳಿಗೂ ಒಪ್ಪಿಗೆ ಇದೆ, ಸಹಿ ಮಾಡಿ ಇಟ್ಟಿದ್ದೇನೆ. ಹೆಸರು ಬೇಡ. ಏಳನೆಯದನ್ನು ಕೊಡುವುದಿಲ್ಲ. ಅದನ್ನು ಬಿಟ್ಟು ಹದಿಮೂರು ಎಂದು ಬರಿ. ಅಳತೆಕೋಲೇ, ಹಿರಿಯನ ಮಾತು ಅಂತ ಇದೊಂದು ಕೇಳು.

ಮಾಮ


ಏಪ್ರಿಲ್ 2

ಮಾನ್ಯ ಸಂಪಾದಕರೆ,

ಪರಿಷ್ಕರಿಸಿದ ಪ್ರತಿಯನ್ನು ಕಳಿಸುತ್ತಿದ್ದೇನೆ. ಏಳು ಸಾವಿರದ ಒಂಬೈನೂರು ಪದ. ಸಾರಾಂಶ ಇದೆ, ಅಳತೆಪಟ್ಟಿಗಳಿವೆ, ಬಾಣಗಳೆಲ್ಲ ಉತ್ತರಕ್ಕೇ ಮುಖ ಮಾಡಿವೆ.

ಏಳನೆಯ ಗುಂಡಿಯ ಮೂಲಚಿತ್ರ ಸಿಗಲಿಲ್ಲ. ಚಿತ್ರಕಾರರು ಕೊಡಲು ಒಪ್ಪಲಿಲ್ಲ; ಕಾರಣವನ್ನೂ ಹೇಳಲಿಲ್ಲ. ಹಳೆಯ ಫೋಟೋ ನೋಡಿ ನಾನೇ ಹೊಸದಾಗಿ ಬರೆದು ಚಿತ್ರ 4 ಎಂದು ಸೇರಿಸಿದ್ದೇನೆ. ಫೋಟೋದಲ್ಲಿ ಕತ್ತಿನ ಬಳಿ ಮಣ್ಣು ಮುಚ್ಚಿಕೊಂಡಿದೆ, ಆ ಭಾಗವನ್ನು ಚುಕ್ಕೆಗೆರೆಯಲ್ಲಿ ತೋರಿಸಿದ್ದೇನೆ. ಆ ಮಗುವನ್ನು ಬಿಟ್ಟು ಈ ಲೇಖನವನ್ನು ಅಚ್ಚು ಮಾಡುವುದು ನನಗೆ ಸಾಧ್ಯವಿಲ್ಲ. ನನ್ನ ತಂದೆಯ ಬದುಕೇ ಅದು.

ವಂದನೆಗಳೊಂದಿಗೆ,
ಮಗಳು


ಜೂನ್ 19

ಪ್ರಿಯ ಸಹೋದ್ಯೋಗಿ,

ಹೆಸರು ತಿಳಿಸದೆ ಇಬ್ಬರು ಪರಿಶೀಲಕರಿಗೆ ಲೇಖನ ಕಳಿಸಿದ್ದೆವು. ಮೊದಲನೆಯವರು ಮೆಚ್ಚಿದ್ದಾರೆ, ಅಲ್ಪವಿರಾಮಗಳ ಬಗ್ಗೆ ಮಾತ್ರ ಅವರಿಗೆ ತಕರಾರು.

ಎರಡನೆಯವರ ಮಾತನ್ನು ಹಾಗೆಯೇ ಬರೆಯುತ್ತೇನೆ. ‘ಮಡಕೆಗಳೆಲ್ಲ ಎದೆಯೆತ್ತರದ ಆಳದಲ್ಲಿ ಸಿಕ್ಕಿವೆ, ಈ ಮಗು ಮೊಣಕಾಲುದ್ದದ ಆಳದಲ್ಲೇ ಸಿಕ್ಕಿದೆ. ಗುಂಡಿ ಯಾವ ಕಾಲದ ಮಣ್ಣಿನ ಪದರದಿಂದ ತೋಡಲ್ಪಟ್ಟಿದೆ ಎಂಬುದನ್ನು ಲೇಖಕರು ಎಲ್ಲೂ ಹೇಳುವುದಿಲ್ಲ. ಕತ್ತಿನ ಬಳಿ ಚುಕ್ಕೆಗೆರೆ ಯಾಕೆ? ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಾಲನಿರ್ಣಯ ಪರೀಕ್ಷೆ ನಡೆದಿಲ್ಲವೆಂಬುದು ನನಗೆ ನಂಬಲಾಗುತ್ತಿಲ್ಲ. ಒಂದು ಹಲ್ಲು ಸಾಕು. ಅದರ ಫಲಿತಾಂಶವಿಲ್ಲದೆ ಈ ಸಮಾಧಿಯ ಬಗ್ಗೆ ಒಂದು ಸಾಲನ್ನೂ ಪ್ರಕಟಿಸಬಾರದು.’

ಮಾತು ಕಟುವಾಗಿದೆ, ಆದರೆ ಸರಿಯಾಗಿದೆ. ಪರೀಕ್ಷೆ ಮಾಡಿಸಿ. ಕಾಯುತ್ತೇವೆ.

ಸಂಪಾದಕ


ಆಗಸ್ಟ್ 30

ಮಾಮ,

ಅಪ್ಪ ಆ ಪೆಟ್ಟಿಗೆಯನ್ನು ತೆರೆಯಲು ಯಾರಿಗೂ ಬಿಟ್ಟವರಲ್ಲ. ಜುಲೈಯಲ್ಲಿ ನಾನು ತೆರೆಸಿದೆ. ಗಾಜು ಎತ್ತಲು ನಾಲ್ಕು ಜನ ಬೇಕಾಯಿತು. ಒಂದು ದವಡೆಹಲ್ಲು ತೆಗೆದು, ಹತ್ತಿಯಲ್ಲಿ ಸುತ್ತಿ ಪ್ರಯೋಗಾಲಯಕ್ಕೆ ಕಳಿಸಿದೆವು.

ಇವತ್ತು ಫಲಿತಾಂಶ ಬಂದಿದೆ. ಹಲ್ಲು ಪುರಾತನದ್ದಲ್ಲ. ಎಪ್ಪತ್ತು ವರ್ಷದ ಈಚಿನದು. ನಾನೇ ಪ್ರಯೋಗಾಲಯದವರಿಗೆ ಫೋನು ಮಾಡಿ, ನಿಮ್ಮಲ್ಲಿ ಹಲ್ಲು ಅದಲುಬದಲಾಗಿದೆ ಎಂದು ಜಗಳಕ್ಕೆ ನಿಂತೆ. ಆ ಕಡೆಯ ಹೆಂಗಸು, “ಮೇಡಂ, ನಾವು ಎರಡು ಸಲ ಮಾಡಿದ್ವಿ. ಪೊಲೀಸರಿಗೆ ತಿಳಿಸ್ಬೇಕಾಗತ್ತೆ” ಎಂದಳು.

ಮನೆಗೆ ಬಂದು ಹಳೆಯ ಆಲ್ಬಮ್ ತೆಗೆದೆ. ಏಳನೆಯ ಗುಂಡಿಯ ಅಂಚಿನಲ್ಲಿ ನಾನು ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿದ್ದೇನೆ. ಕೆಳಗೆ ಆ ಮಗು ಹಾಗೆಯೇ ಮಲಗಿದೆ. ಅಳತೆ ಹೋಲಿಸಲು ಅಪ್ಪ ತೆಗೆದ ಫೋಟೋ. ಇಬ್ಬರೂ ಒಂದೇ ಉದ್ದ. ಇಷ್ಟು ವರ್ಷ ಅದು ನನ್ನ ಮೆಚ್ಚಿನ ಫೋಟೋ ಆಗಿತ್ತು ಮಾಮ.

ನೀವು ಕತ್ತಿನ ಹತ್ತಿರ ಏನು ಬರೆದಿದ್ದಿರಿ? ಇನ್ನು ಮುಚ್ಚಿಡಬೇಡಿ.

ನಿಮ್ಮ ಅಣ್ಣನ ಮಗಳು


ಸೆಪ್ಟೆಂಬರ್ 8

ಮಗೂ,

ಈ ಕಾಗದವನ್ನು ಮೂವತ್ತು ವರ್ಷದಿಂದ ಬರೆಯುತ್ತಲೇ ಇದ್ದೇನೆ, ಕಾಗದದ ಮೇಲೆ ಮಾತ್ರ ಇವತ್ತು.

ಅಗೆತದ ಹನ್ನೊಂದನೆಯ ದಿನ. ಆರು ಮಡಕೆ ಸಿಕ್ಕಿದ್ದವು, ನಿಮ್ಮಪ್ಪನ ಕಾಲು ನೆಲದ ಮೇಲಿರಲಿಲ್ಲ. ಏಳನೆಯದು ಬೆಳಿಗ್ಗೆ ಕಂಡಿತು. ನಾನು ಗುಂಡಿಗೆ ಇಳಿದು ದಾರ ಕಟ್ಟಿ ಒಂದೊಂದೇ ಮೂಳೆಯನ್ನು ಬರೆಯುತ್ತಾ ಬಂದೆ. ಕತ್ತಿನ ಮೂಳೆಯ ಹಿಂಬದಿ ಎರಡು ಪುಟ್ಟ ಬಿಲ್ಲೆಗಳು, ತುಕ್ಕು ಹಿಡಿದವು. ಕುಂಚದಲ್ಲಿ ಉಜ್ಜಿದೆ. ಟಿಚ್ ಬಟನ್. ಮಕ್ಕಳ ಫ್ರಾಕಿಗೆ ಬೆನ್ನ ಮೇಲೆ ಹಾಕುತ್ತಾರಲ್ಲ, ಒತ್ತಿದರೆ ಟಿಕ್ ಎಂದು ಕೂಡಿಕೊಳ್ಳುವಂಥದ್ದು. ನನಗೆ ತಮಾಷೆಯೆನಿಸಿ, “ಅಣ್ಣಾ, ಗುಂಡೀಲಿ ಗುಂಡಿ ಇದೆ!” ಎಂದು ಕೂಗಿದೆ. ಅಗೆಯುವವರೆಲ್ಲ ನಕ್ಕರು. ನಿಮ್ಮಪ್ಪನೂ ನಗುತ್ತಲೇ ಇಳಿದು ಬಂದರು. ಬಗ್ಗಿ ನೋಡಿದರು. ಅವರ ಮುಖದ ಮೇಲೆ ನಗು ಹಾಗೆಯೇ ಉಳಿದಿತ್ತು, ಒಳಗಿನಿಂದ ಯಾರೋ ಎದ್ದುಹೋದ ಹಾಗೆ.

“ಇಲಿ ಬಿಲ. ಮೇಲಿಂದ ಬಿದ್ದಿದೆ. ಅಳಿಸು” ಎಂದರು.

“ಎರಡೂ ಕತ್ತಿನ ಹತ್ರಾನೇ ಹೇಗೆ ಬೀಳತ್ತಣ್ಣ?”

“ಅಳಿಸು ಅಂದ್ನಲ್ಲ.”

ನಾನು ಅಳಿಸಿದೆ. ಅಳಿಸುವ ಮೊದಲು ಮೇಲೊಂದು ತೆಳುಕಾಗದ ಇಟ್ಟು ನಕಲು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಬಟನ್‌ಗಳನ್ನು ಅವರು ಎಲ್ಲಿ ಹಾಕಿದರೋ ಕಾಣೆ. ಎರಡು ದಿನ ಬಿಟ್ಟು ಪೇಪರಿನವರು ಬಂದರು, ದೊಡ್ಡ ದೊಡ್ಡ ಅಧಿಕಾರಿಗಳು ಬಂದರು.

ಅದರ ಮರುದಿನ ಬಿಸಿಲು ನೆತ್ತಿಗೇರಿದ ಹೊತ್ತಿಗೆ ಒಬ್ಬ ಹೆಂಗಸು ಬಂದು ಹಗ್ಗದ ಆಚೆ ನಿಂತಳು. ನಲವತ್ತರ ಹತ್ತಿರದವಳು. ಅವಳನ್ನು ಊರಿನವರು ‘ಕೇಳೋ ಅಮ್ಮ’ ಎನ್ನುತ್ತಿದ್ದರು. ಅದಕ್ಕೂ ಹನ್ನೆರಡು ವರ್ಷದ ಹಿಂದೆ ಅವಳ ಹುಡುಗಿ ಶಾಲೆಯಿಂದ ಮನೆಗೆ ಬಂದಿರಲಿಲ್ಲ. ಅವತ್ತಿನಿಂದ ಸುತ್ತಮುತ್ತ ಎಲ್ಲಿ ಬಾವಿ ತೋಡಲಿ, ಪಾಯ ಅಗೆಯಲಿ, ಹೋಗಿ ನಿಂತು ಕೇಳುವಳು. ನಮ್ಮನ್ನೂ ಕೇಳಿದಳು:

“ಒಳಗೆ ಏನಾದ್ರೂ ಸಿಕ್ತಾ?”

ನಿಮ್ಮಪ್ಪನೇ ಎದ್ದು ಹೋಗಿ ಸಮಾಧಾನವಾಗಿ ಹೇಳಿದರು. “ಸಿಕ್ಕಿದೆ ತಾಯಿ. ಆದ್ರೆ ಇದು ಸಾವಿರಾರು ವರ್ಷದ ಹಿಂದಿನ ಮಗು. ನಿಮ್ಮದಲ್ಲ.”

ಅವಳು “ಹೌದಾ” ಎಂದಳು. “ಪಾಪ, ಅದರ ಅಮ್ಮನೂ ಹುಡುಕಿರ್ತಾಳೆ” ಎಂದು ಹೇಳಿ ಹೋದಳು.

ನಿಮ್ಮಪ್ಪ ಬಕೆಟ್ಟಿನ ನೀರು ಖಾಲಿಯಾಗುವ ತನಕ ಕೈ ತೊಳೆದುಕೊಂಡರು. ನಾನು ಹತ್ತಿರ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಅವರು, “ಪೊಲೀಸ್ನೋರು ಬಂದ್ರೆ ದಿಬ್ಬಾನೇ ಮುಚ್ಚಿಸಿಬಿಡ್ತಾರೆ ಕಣೋ. ಇನ್ನೂ ಎಷ್ಟು ಒಳಗಿವೆಯೋ. ಖಂಡಿತ ಇಲಿ ಬಿಲಾನೇ. ಆಮೇಲೆ ನೋಡೋಣ” ಎಂದರು. ಅವರಿಗೆ ಗೊತ್ತಿತ್ತೇ? ಗೊತ್ತು ಮಾಡಿಕೊಳ್ಳಲಿಲ್ಲ ಎನ್ನಬಹುದು. ಅವರನ್ನು ಕಟಕಟೆಯಲ್ಲಿ ನಿಲ್ಲಿಸಿ ನಾನು ಜಾರಿಕೊಳ್ಳಲಾರೆ. ನಾನು ಅವತ್ತೇ ಆ ಹೆಂಗಸಿನ ಹಿಂದೆ ಹೋಗಬಹುದಿತ್ತು, ಅವಳು ದಿಬ್ಬ ಇಳಿಯುವುದು ಕಾಣುತ್ತಿತ್ತು. ಹೋಗಲಿಲ್ಲ. ಅಗೆತ ಮುಗಿದ ದಿನ ನಿಮ್ಮಪ್ಪನ ಜೊತೆ ಮಾತು ಬಿಟ್ಟೆ, ಅಷ್ಟೇ. ಅದನ್ನೇ ದೊಡ್ಡ ಶಿಕ್ಷೆ ಎಂದುಕೊಂಡೆ. ಮಾತು ಬಿಡುವುದು ಬಹಳ ಸುಲಭ ಮಗೂ.

ಆಮೇಲೆ ಪಠ್ಯಪುಸ್ತಕಗಳಿಗೆ ಹೂವಿನ ಒಳಭಾಗ, ಕಪ್ಪೆಯ ಹೊಟ್ಟೆ ಬರೆದು ಬದುಕಿದೆ. ಒಂದು ವರ್ಷ ಇತಿಹಾಸದ ಪುಸ್ತಕಕ್ಕೆ ‘ಮಡಕೆಯಿಲ್ಲದ ಮಗು’ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಅದನ್ನೂ ಮಾಡಿದೆ.

ತೆಳುಕಾಗದದ ನಕಲು ಇದರೊಳಗಿದೆ. ಎಲ್ಲಿಗೆ ಕೊಡಬೇಕೋ ಕೊಡು. ನನ್ನ ಹೆಸರು ಹಾಕು.

ಮಾಮ


ಸೆಪ್ಟೆಂಬರ್ 15

ಮಾನ್ಯ ಸಂಪಾದಕರೆ,

ಲೇಖನವನ್ನು ತಡೆಹಿಡಿಯಬೇಕೆಂದು ಕೋರುತ್ತೇನೆ. ಪ್ರಯೋಗಾಲಯದ ವರದಿಯನ್ನೂ ಏಳನೆಯ ಗುಂಡಿಯ ನಿಜವಾದ ಚಿತ್ರವನ್ನೂ ನಿನ್ನೆ ಪೊಲೀಸ್ ಠಾಣೆಗೆ ಕೊಟ್ಟು ಬಂದೆ. ಅವುಗಳ ಪ್ರತಿ ಇದರೊಂದಿಗಿದೆ. ಕತ್ತಿನ ಬಳಿಯ ಎರಡು ಪುಟ್ಟ ವೃತ್ತಗಳನ್ನು ನೋಡಿ. ನಿಮಗೆ ವಿವರಿಸಬೇಕಾಗಿಲ್ಲ.

ನಮ್ಮ ನಿರ್ದೇಶಕರು, ಸತ್ತವರ ಮರ್ಯಾದೆ ತೆಗೆದು ನಿನಗೇನು ಸಿಗುತ್ತದೆ ಎಂದು ಕೇಳಿದರು. ಗಾಜಿನ ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದಿಸಿದ್ದೇವೆ.

ಅಪ್ಪನನ್ನು ಹೇಗೆ ನೆನೆಯಬೇಕು ಎಂಬುದೇ ನನಗೆ ಗೊತ್ತಾಗುತ್ತಿಲ್ಲ. ಇದು ನಿಮಗೆ ಸಂಬಂಧಿಸಿದ್ದಲ್ಲ, ಕ್ಷಮಿಸಿ.

ಮಗಳು


ಸೆಪ್ಟೆಂಬರ್ 24

ಪ್ರಿಯ ಸಹೋದ್ಯೋಗಿ,

ಸಂಬಂಧಿಸಿದ್ದೇ. ಎರಡು ಪುಟದ ಆ ಟಿಪ್ಪಣಿಯನ್ನು ಅಚ್ಚು ಹಾಕಿದ್ದು ನಮ್ಮ ಪತ್ರಿಕೆ. ಅವತ್ತು ಯಾರೂ ಚಿತ್ರ ಕೇಳಲಿಲ್ಲ; ಸುದ್ದಿ ಅಷ್ಟು ಚೆನ್ನಾಗಿತ್ತು. ನಾವು ಆ ಟಿಪ್ಪಣಿಯನ್ನು ಹಿಂತೆಗೆದುಕೊಂಡು, ಯಾಕೆಂಬುದನ್ನು ಮೊದಲ ಪುಟದಲ್ಲೇ ಹೇಳುತ್ತೇವೆ. ಹದಿಮೂರು ಮಡಕೆಗಳ ಲೇಖನ ಗಟ್ಟಿಯಾಗಿದೆ. ಅದನ್ನು ಆಮೇಲೆ ಪ್ರತ್ಯೇಕವಾಗಿ ಪ್ರಕಟಿಸಬಹುದು. ಲೇಖಕರ ಹೆಸರುಗಳ ಬಗ್ಗೆ ನೀವೇ ತೀರ್ಮಾನಿಸಿ, ಅವಸರವಿಲ್ಲ.

ನಿಯಮದ ಹೊರಗಿನ ಒಂದು ಮಾತು. ಎರಡನೆಯ ಪರಿಶೀಲಕ ನಾನೇ. ಆ ಕಟುಮಾತು ಬರೆದಮೇಲೆ ಅಂಚೆಗೆ ಹಾಕಲು ಮೂರು ವಾರ ಬೇಕಾಯಿತು. ನಿಮ್ಮ ತಂದೆಯವರ ಪಾಠ ಕೇಳಿ ಬೆಳೆದವನು ನಾನು. ಪದರ ನೋಡದೆ ಏನನ್ನೂ ನಂಬಬೇಡ ಎಂದು ಕಲಿಸಿದವರೇ ಅವರು.

ಸಂಪಾದಕ


ಡಿಸೆಂಬರ್ 4

ಮಗೂ,

ಹಳೆಯ ದೂರಿನ ಪುಸ್ತಕ ಗೆದ್ದಲು ಹಿಡಿದು ಹೋಗಿದೆ, ಕೇಳೋ ಅಮ್ಮನ ವಿಳಾಸ ಸಿಗುತ್ತಿಲ್ಲ ಎಂದು ಪೊಲೀಸರು ಕೈಚೆಲ್ಲಿದರೆಂದು ಬರೆದಿದ್ದೆಯಲ್ಲ, ನಾನೇ ಹೊರಟೆ. ಹುಡುಕಬೇಕಾಗಿಯೇ ಬರಲಿಲ್ಲ. ಬಸ್ಸಿಳಿದು ಪೇಟೆಬೀದಿಗೆ ಬಂದರೆ ನೀರಿನ ಪೈಪಿಗೆಂದು ರಸ್ತೆ ಅಗೆದಿದ್ದಾರೆ. ಅಂಚಿನಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ನಿಂತಿದ್ದಾರೆ. ನನಗೆ ಗುರುತಾಗಲು ಕ್ಷಣವೂ ಬೇಕಾಗಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿದೆ; ನಿಲುವು ಅದೇ. ಅಗೆಯುವವರಿಗೆ ಅಭ್ಯಾಸವಾಗಿಬಿಟ್ಟಿದೆ, ಅವರ ಪಾಡಿಗೆ ಅವರು ಕೆಲಸ ಮಾಡುತ್ತಿದ್ದರು.

ನಾನು ಪಕ್ಕಕ್ಕೆ ಹೋಗಿ ನಿಂತೆ. ನನ್ನನ್ನು ಯಾವುದೋ ಮೇಸ್ತ್ರಿ ಎಂದುಕೊಂಡು ಕೇಳಿದರು:

“ಒಳಗೆ ಏನಾದ್ರೂ ಸಿಕ್ತಾ?”

ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೂ ನೆನಪಾಗಲಿಲ್ಲ.

“ಸಿಕ್ತಮ್ಮ” ಎಂದೆ. “ಆವತ್ತೇ ಸಿಕ್ಕಿತ್ತು ಅಂತ ಕಾಣತ್ತೆ. ದಿಬ್ಬದಲ್ಲಿ. ನಾವು ಹೇಳ್ಲಿಲ್ಲ.”

ಅವರು ನನ್ನ ಮುಖ ನೋಡಿದರು. ಬೈಯಲಿಲ್ಲ, ಅಳಲಿಲ್ಲ. ಕೋಲಿನ ತುದಿಯಿಂದ ಮಣ್ಣಿನ ಹೆಂಟೆಯೊಂದನ್ನು ಗುಂಡಿಗೆ ತಳ್ಳಿ, “ಬೆನ್ನ ಮೇಲೆ ಟಿಚ್ ಬಟನ್ ಇತ್ತಾ? ಎರಡು ಹಾಕಿದ್ದೆ ನಾನು, ಮೂರನೇದು ಸಿಕ್ಕಿರ್ಲಿಲ್ಲ” ಎಂದರು.

ನಾನು ಅಲ್ಲೇ ಪೈಪಿನ ಮೇಲೆ ಕುಳಿತುಬಿಟ್ಟೆ. ಅವರೇ ನನ್ನ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಕಿರಿಮಗಳಿದ್ದಾಳೆ, ಅಕ್ಕ ಕಾಣೆಯಾದಮೇಲೆ ಹುಟ್ಟಿದವಳು. ಬೈದದ್ದೆಲ್ಲ ಅವಳು. ಇಡೀ ಬೀದಿಗೆ ಕೇಳುವ ಹಾಗೆ ಬೈದಳು. “ಆಗ್ಲೇ ಹೇಳಿದ್ರೆ ಯಾರು ಮಾಡಿದ್ದು ಅಂತ ಸಿಗ್ತಿದ್ದ! ಈಗ ಎಲ್ಲಿಂದ ಹಿಡೀತೀರಾ?” ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ.

ಡಿಎನ್‌ಎ ಪರೀಕ್ಷೆಗೆ ಇಬ್ಬರೂ ಒಪ್ಪಿದ್ದಾರೆ.

ಮಾಮ


ಫೆಬ್ರವರಿ 21

ಮಾಮ,

ಹೋದ ವಾರ ಫಲಿತಾಂಶ ಬಂತು. ಅವರ ಮಗಳೇ. ಮೂಳೆಯ ಮೇಲೆ ಪೆಟ್ಟಿನ ಗುರುತಿಲ್ಲ. ಯಾರು ಹೂತರೆಂಬುದು ಇನ್ನು ಗೊತ್ತಾಗುವ ಸಂಭವವಿಲ್ಲವೆಂದು ಅಧಿಕಾರಿ ಹೇಳಿದರು. ನಿನ್ನೆ ತಾಯಿ, ತಂಗಿ ಇಬ್ಬರೂ ಬಂದು ಒಯ್ದರು. ನೀವು ಬರುವುದಿಲ್ಲ ಎಂದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿರ್ದೇಶಕರು ರಜೆ ಹಾಕಿದ್ದರು. ಸಂಪಾದಕರು ದೂರದಿಂದ ಬಂದು ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಮೂಳೆಗಳನ್ನು ನಾನೇ ಒಂದೊಂದಾಗಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಪರೀಕ್ಷೆಗೆ ಕಳಿಸಿದ್ದ ಹಲ್ಲಿನ ಉಳಿದ ಚೂರನ್ನೂ ಮರಳಿ ಸೇರಿಸಿದೆ.

ಆ ತಾಯಿ ಮೊದಲು ಕೇಳಿದ್ದು, “ಇಷ್ಟು ವರ್ಷ ಎಲ್ಲಿಟ್ಟಿದ್ರಿ?” ಎಂದು. ಮಹಡಿಗೆ ಕರೆದುಕೊಂಡು ಹೋದೆ. ಖಾಲಿ ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರು.

“ಜನ ಬರ್ತಿದ್ರಾ?”

“ದಿನಾ ಬರ್ತಿದ್ರಮ್ಮ. ಶಾಲೆ ಮಕ್ಕಳು ತುಂಬ ಬರ್ತಿದ್ರು.” ಆ ಮಾತು ಕೇಳಿ ಅವರಿಗೆ ಸ್ವಲ್ಪವಾದರೂ ಹಿತವಾಗಲಿ ಎಂದಿತ್ತು ನನ್ನ ಮನಸ್ಸಿನಲ್ಲಿ.

“ಎಲ್ಲಾರೂ ನೋಡಿದ್ರು” ಎಂದರು. “ನಾನೊಬ್ಳು ನೋಡ್ಲಿಲ್ಲ.”

ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಅರ್ಧಕ್ಕೆ ನಿಂತು, “ನಿಮ್ಮಪ್ಪನಿಗೆ ಮಕ್ಕಳೆಷ್ಟು?” ಎಂದು ಕೇಳಿದರು.

“ನಾನೊಬ್ಬಳೇ.”

“ಆವಾಗ ನಿಂಗೆಷ್ಟಮ್ಮ?”

“ಏಳು.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಮೂವತ್ತೇಳು ವರ್ಷದ ಹೆಂಗಸನ್ನು, ಕೂದಲು, ಕೈ, ಕನ್ನಡಕ ಎಲ್ಲವನ್ನೂ. ಏನೋ ಲೆಕ್ಕ ಹಾಕುತ್ತಿದ್ದಂತಿತ್ತು. “ಇಷ್ಟೆತ್ತರ ಆಗ್ತಿದ್ಳೇನೋ” ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಕೈ ಅಡ್ಡ ಹಿಡಿದು, “ಬೇಡ. ಬಸ್ಸು ತಪ್ಪತ್ತೆ” ಎಂದರು.

ಪೊಲೀಸರು ಜೀಪಿನಲ್ಲಿ ಬಿಡುತ್ತೇವೆ ಎಂದರು, ಬೇಡವೆಂದರು. ಪೆಟ್ಟಿಗೆಯನ್ನು ಕಿರಿಮಗಳ ಕೈಗೂ ಕೊಡಲಿಲ್ಲ. ನಿಲ್ದಾಣದ ತನಕ ನಾನು ಅವರ ಬಟ್ಟೆಚೀಲ ಹಿಡಿದುಕೊಂಡು ಹಿಂದೆ ನಡೆದೆ. ಚೀಲವನ್ನು ಒಳಗಿಟ್ಟು ಇಳಿದುಬಿಡೋಣವೆಂದು ಬಸ್ಸು ಹತ್ತಿದೆ. ಅಷ್ಟರಲ್ಲಿ ಅದು ಹೊರಟೇಬಿಟ್ಟಿತು.

ಕಂಡಕ್ಟರ್ ಬಂದ. ಕಿರಿಮಗಳು ಪರ್ಸು ತೆಗೆಯುತ್ತಿದ್ದಂತೆ ತಾಯಿಯೇ ಹೇಳಿದರು: “ಎರಡು ಫುಲ್, ಒಂದು ಹಾಫ್.”

ಅವನು ಸೀಟಿನ ಆಚೆ ಈಚೆ ನೋಡಿದ. “ಮಗು ಎಲ್ಲಮ್ಮಾ?”

“ಇಲ್ಲೇ ಇದೆ. ಏಳು ವರ್ಷ. ಹಾಫ್ ಕೊಡಿ.”

ಅವನು ತೊಡೆಯ ಮೇಲಿನ ಪೆಟ್ಟಿಗೆಯನ್ನು ನೋಡಿದ. ಕಿರಿಮಗಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಮೂರು ಟಿಕೆಟ್ ಹರಿದು ಕೊಟ್ಟ. ತಾಯಿ ಎರಡನ್ನು ಮಗಳಿಗೆ ಕೊಟ್ಟು, ಒಂದನ್ನು ಮಡಚಿ ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರು.

ಆಮೇಲೆ ಅವನು ನನ್ನ ಕಡೆ ತಿರುಗಿ, “ನಿಮಗೆಲ್ಲಿಗೆ?” ಎಂದ. ನಾನು ಅವರ ಕಡೆ ತಿರುಗಿದೆ. ಆ ತಾಯಿ ನನ್ನ ಮುಖ ನೋಡಲಿಲ್ಲ ಮಾಮ. ಪಕ್ಕದಲ್ಲಿ ಇಟ್ಟಿದ್ದ ಬಟ್ಟೆಚೀಲವನ್ನು ಎತ್ತಿ ಕಾಲ ಬಳಿ ಇಟ್ಟರು, ಅಷ್ಟೇ. ಸೀಟಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

ಅವರ ಊರಿಗೇ ಟಿಕೆಟ್ ತೆಗೆದುಕೊಂಡೆ.

ನಿಮ್ಮ ಅಣ್ಣನ ಮಗಳು